ಶಾಂತಿಪಾಲನಾ ಮಿಷನ್‌ನಲ್ಲಿ ನೆಟ್‌ವರ್ಕ್ ಸೆಕ್ಯುರಿಟಿ ಕೆಲಸ: ಹೋಗಿ ಬಂದವರು ಯಾರಾದರೂ ಇದ್ದೀರಾ?

ಫೈರ್‌ವಾಲ್_ಫಕೀರ
ಎಲ್ಲರಿಗೂ ನಮಸ್ಕಾರ. ನಾನು ಒಂದು ಬ್ಯಾಂಕಿನ ಸೆಕ್ಯುರಿಟಿ ಟೀಮಿನಲ್ಲಿ ಇದ್ದೇನೆ. ಫೈರ್‌ವಾಲ್, ಲಾಗ್, ಅಲರ್ಟ್, ಇಷ್ಟೇ ನನ್ನ ಪ್ರಪಂಚ. ಒಂದು ಕೈ ನೋಡೋಣ ಅಂತ ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್‌ಗೆ ಅರ್ಜಿ ಹಾಕಿದ್ದೆ. ಪರೀಕ್ಷೆ, ಇಂಟರ್‌ವ್ಯೂ ಎಲ್ಲಾ ಮುಗಿದು ಈಗ ರೋಸ್ಟರ್‌ನಲ್ಲಿ, ಅಂದರೆ ಆಯ್ಕೆಯಾಗಿ ಕಾಯುವವರ ಪಟ್ಟಿಯಲ್ಲಿ, ಹೆಸರಿದೆ. ಫೀಲ್ಡ್ ಟೆಕ್ನಾಲಜಿ ಸೆಕ್ಷನ್, ಎಫ್‌ಎಸ್ (ಫೀಲ್ಡ್ ಸರ್ವೀಸ್) ದರ್ಜೆ. ಯಾವ ಮಿಷನ್ ಅಂತ ಇನ್ನೂ ಗೊತ್ತಿಲ್ಲ.

ಕೆಲಸದ ವಿವರಣೆ ಓದಿದರೆ ತಲೆಬುಡ ಅರ್ಥವಾಗುವುದಿಲ್ಲ. ಎಲ್ಲಾ ದೊಡ್ಡ ದೊಡ್ಡ ಮಾತು. ಆಫೀಸಿನಲ್ಲಿ ಒಬ್ಬರು "ಅಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡ್ಕೊಂಡು ಕೂತಿರ್ತೀಯ, ವಾಪಸ್ ಬರೋಷ್ಟರಲ್ಲಿ ತುಕ್ಕು ಹಿಡಿದಿರ್ತೀಯ" ಅಂದರು. ಇನ್ನೊಬ್ಬರು ಇದಕ್ಕಿಂತ ಪುಣ್ಯದ ಕೆಲಸ ಇಲ್ಲ ಅಂದರು. ಇಬ್ಬರೂ ಅಲ್ಲಿಗೆ ಹೋದವರಲ್ಲ. ದಿನದ ಕೆಲಸ ನಿಜವಾಗಿ ಹೇಗಿರುತ್ತದೆ? ಯಾರ ವಿರುದ್ಧ ಕಾವಲು ಕಾಯುತ್ತೀರಿ? ಹೋದರೆ ಕಲಿಯೋಕೆ ಏನಾದರೂ ಇದೆಯಾ? ನೇರವಾಗಿ ಹೇಳಿ, ಬೇಜಾರಿಲ್ಲ.

ಡಿಷ್_ದೊರೆ
ಎರಡು ಮಿಷನ್‌ಗಳಲ್ಲಿ ಇದ್ದೆ, ಎರಡೂ ಆಫ್ರಿಕಾದಲ್ಲಿ. ಹೆಸರು ಬೇಡ.

ಮೊದಲು ಅಲ್ಲಿನ ನೆಟ್‌ವರ್ಕ್ ಹೇಗಿರುತ್ತದೆ ಅಂತ ಹೇಳ್ತೀನಿ, ಉಳಿದಿದ್ದು ತಾನಾಗಿ ಅರ್ಥವಾಗುತ್ತದೆ. ರಾಜಧಾನಿಯಲ್ಲಿ ಮಿಷನ್ ಕೇಂದ್ರ. ಅದರ ಕೆಳಗೆ ಸೆಕ್ಟರ್ ಕಚೇರಿಗಳು. ಅವುಗಳ ಕೆಳಗೆ ಕಾಡಲ್ಲೋ ಮರಳಲ್ಲೋ ಸಣ್ಣ ಸಣ್ಣ ಬೇಸ್‌ಗಳು. ಒಂದು ಕಂಟೇನರ್, ಒಂದು ಡಿಷ್, ಎರಡು ಜನರೇಟರ್. ಅದೇ ನಿಮ್ಮ ಡೇಟಾ ಸೆಂಟರ್. ಅಲ್ಲಿಂದ ಟ್ರಾಫಿಕ್ ಉಪಗ್ರಹ ಹತ್ತಿ ಇಟಲಿಯ ಬ್ರಿಂಡಿಸಿಗೋ ಸ್ಪೇನಿನ ವೇಲೆನ್ಸಿಯಾಗೋ ಹೋಗುತ್ತದೆ. ಎಲ್ಲಾ ಮಿಷನ್‌ಗಳಿಗೂ ಬೆನ್ನೆಲುಬಾಗಿರುವ ಗ್ಲೋಬಲ್ ಸರ್ವೀಸ್ ಸೆಂಟರ್ ಇರುವುದು ಆ ಎರಡು ಊರುಗಳಲ್ಲೇ.

ಭೂಸ್ಥಿರ ಉಪಗ್ರಹ ಇರುವುದು 35,786 ಕಿಲೋಮೀಟರ್ ಮೇಲೆ. ಒಂದು ಪ್ಯಾಕೆಟ್ ಹೋಗಿ ಉತ್ತರ ಬರೋಕೆ ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಬೆಳಕಿನ ವೇಗದ ಜೊತೆ ಜಗಳ ಆಡೋಕೆ ಆಗಲ್ಲ, ಅದನ್ನು ಬಿಡಿ. ಬ್ಯಾಂಡ್‌ವಿಡ್ತ್ ಇದೆಯಲ್ಲ, ಅದು ಇನ್ನೂ ದೊಡ್ಡ ತಲೆನೋವು. ಬ್ಯಾಂಕಿನಲ್ಲಿ ನೀವು ಪ್ರತಿ ಕಂಪ್ಯೂಟರಿನ ಪ್ರತಿ ಚಲನೆಯನ್ನೂ ಲಾಗ್ ಮಾಡಿ ಒಂದು ಕಡೆ ಗುಡ್ಡೆ ಹಾಕ್ತೀರಿ. ಅಲ್ಲಿ ಹಾಗೆ ಮಾಡಿದರೆ ನಿಮ್ಮ ಸೆಕ್ಯುರಿಟಿ ಲಾಗೇ ಲಿಂಕ್ ತಿಂದು ಹಾಕುತ್ತದೆ, ಗಸ್ತಿನ ವರದಿ ಕಳಿಸೋಕೆ ಜಾಗ ಇರುವುದಿಲ್ಲ. ಯಾವ ಲಾಗ್ ಈಗಲೇ ಕಳಿಸಬೇಕು, ಯಾವುದು ರಾತ್ರಿ, ಯಾವುದು ಅಲ್ಲೇ ಡಿಸ್ಕಿನಲ್ಲಿ ಬಿದ್ದಿರಬಹುದು, ಇದನ್ನು ನಿರ್ಧರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪ್ಯಾಚ್‌ಗಳೂ, ಅಂದರೆ ಸಾಫ್ಟ್‌ವೇರಿನ ತೂತು ಮುಚ್ಚುವ ಅಪ್‌ಡೇಟ್‌ಗಳೂ, ಅಷ್ಟೇ. ಸೆಕ್ಟರಿನಲ್ಲಿ ಒಂದು ಲೋಕಲ್ ಸರ್ವರಿಗೆ ಒಂದೇ ಸಲ ಇಳಿಸಿಕೊಂಡು ಅಲ್ಲಿಂದ ಹಂಚಬೇಕು. ಈಚೆಗೆ ಕಡಿಮೆ ಎತ್ತರದ ಉಪಗ್ರಹಗಳು ಬಂದ ಮೇಲೆ ಪರಿಸ್ಥಿತಿ ಎಷ್ಟೋ ವಾಸಿ, ಆದರೆ ಎಲ್ಲಾ ಕಡೆ ಅದು ಇರಲ್ಲ. ಆತಿಥೇಯ ದೇಶದ ಪರವಾನಗಿಯೂ ಬೇಕಲ್ಲ.

ಆಮೇಲೆ ಜನರೇಟರ್. ಅದು ನಿಂತರೆ ಲಾಗ್ ನಿಲ್ಲುತ್ತದೆ. ಮಧ್ಯರಾತ್ರಿ ನಲವತ್ತು ನಿಮಿಷ ಲಾಗ್ ಇಲ್ಲ ಅಂದರೆ ಬ್ಯಾಂಕಿನಲ್ಲಿ ಎಲ್ಲರೂ ಎದ್ದು ಕೂರ್ತಾರೆ. ಅಲ್ಲಿ ಮೊದಲು ಕೇಳೋ ಪ್ರಶ್ನೆ "ಡೀಸೆಲ್ ಇದೆಯಾ?"

ಪೋರ್ಟ್22
ಪಾಸ್‌ವರ್ಡ್ ರೀಸೆಟ್ ಕೂಡ ಸೆಕ್ಯುರಿಟಿನೇ ಗುರು. ಅದನ್ನು ಕೀಳಾಗಿ ನೋಡುವವರಿಗೇ ಮೊದಲು ಗುನ್ನ ಬೀಳೋದು.

ಅನುಮಾನಪ್ಪ
ಎಲ್ಲಾ ಸರಿ. ಆದರೆ ನನಗೊಂದು ಅರ್ಥವಾಗಲ್ಲ. ವಿಶ್ವಸಂಸ್ಥೆ ಹತ್ತಿರ ಕದಿಯೋಕೆ ಅಂತ ಏನಿದೆ? ವರದಿ ಬರೀತಾರೆ, ಭದ್ರತಾ ಮಂಡಳಿಗೆ ಕೊಡ್ತಾರೆ, ಅದು ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತದೆ. ಇದಕ್ಕೆ ಇಷ್ಟೆಲ್ಲಾ ಫೈರ್‌ವಾಲ್ ಯಾಕೆ? ಹಣ ಜಾಸ್ತಿಯಾಗಿದೆಯಾ?

ಸಾಕ್ಷಿ_ಕಡತ
ಅನುಮಾನಪ್ಪನವರೇ, ನಾನು ಟೆಕ್ನಿಕಲ್ ಅಲ್ಲ. ಒಂದು ಮಿಷನ್‌ನ ಮಾನವ ಹಕ್ಕುಗಳ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಪ್ರಕಟವಾಗುವ ವರದಿಯಲ್ಲಿ "ಒಂದು ಹಳ್ಳಿಯಲ್ಲಿ ಇಷ್ಟು ಜನರನ್ನು ಕೊಂದರು" ಅಂತ ಒಂದು ಸಾಲು ಇರುತ್ತದೆ ನೋಡಿ, ಅದರ ಹಿಂದೆ ಒಂದು ಕಡತ ಇರುತ್ತದೆ. ಅದನ್ನು ಯಾರು ನಮಗೆ ಹೇಳಿದರು, ಅವರ ಹೆಸರು, ಫೋನ್ ನಂಬರ್, ಈಗ ಎಲ್ಲಿ ಬಚ್ಚಿಟ್ಟುಕೊಂಡಿದ್ದಾರೆ, ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ಹೇಳಿಕೆ, ಎಲ್ಲವೂ ಅದರಲ್ಲಿ. ಕೊಂದವರು ಇನ್ನೂ ಅದೇ ಊರಿನ ರಸ್ತೆಯಲ್ಲಿ ಬಂದೂಕು ಹಿಡಿದು ಓಡಾಡುತ್ತಿರುತ್ತಾರೆ. ಎಷ್ಟೋ ಸಲ ಅವರೇ ಸಮವಸ್ತ್ರದಲ್ಲೂ ಇರುತ್ತಾರೆ.

ಬ್ಯಾಂಕಿನ ಡೇಟಾ ಹೋದರೆ ಕಾರ್ಡ್ ಬ್ಲಾಕ್ ಮಾಡಿ ಹೊಸದು ಕೊಡಬಹುದು. ಇದನ್ನು ಹಾಗೆ ಬದಲಾಯಿಸಿ ಕೊಡೋಕೆ ಆಗುತ್ತಾ?

ಇನ್ನು ನಾಳೆ ಬೆಂಗಾವಲು ಪಡೆ ಯಾವ ದಾರಿಯಲ್ಲಿ ಹೋಗುತ್ತದೆ, ಹೆಲಿಕಾಪ್ಟರ್ ಎಷ್ಟು ಹೊತ್ತಿಗೆ ಇಳಿಯುತ್ತದೆ, ಯಾವ ಬೇಸಿನಲ್ಲಿ ನೀರು ಮುಗಿದಿದೆ, ಇವೂ ಅದೇ ನೆಟ್‌ವರ್ಕಿನಲ್ಲೇ ಓಡಾಡುತ್ತವೆ. ದಾರಿಯಲ್ಲಿ ಬಾಂಬ್ ಹೂಳುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

2022ರ ಜನವರಿಯಲ್ಲಿ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಸರ್ವರ್ ಒಡೆದಿದ್ದು ನೆನಪಿದೆಯಾ? 5,15,000ಕ್ಕೂ ಹೆಚ್ಚು ಜನರ ಮಾಹಿತಿ. ಯುದ್ಧದಲ್ಲಿ ಮನೆಯವರಿಂದ ಬೇರೆಯಾದವರು, ಕಾಣೆಯಾದವರು, ಬಂಧನದಲ್ಲಿ ಇರುವವರು. ಅಂಥವರ ಪಟ್ಟಿ ಯಾರಿಗೆ ಬೇಕಾಗಿತ್ತು ಅಂತ ಯೋಚನೆ ಮಾಡಿ.

ಅನುಮಾನಪ್ಪ
ರೆಡ್ ಕ್ರಾಸ್ ಬೇರೆ, ವಿಶ್ವಸಂಸ್ಥೆ ಬೇರೆ ಮೇಡಂ. ಅದನ್ನು ಇದಕ್ಕೆ ತಳುಕು ಹಾಕಬೇಡಿ.

ಪೋರ್ಟ್22
ಸರಿ, ವಿಶ್ವಸಂಸ್ಥೆಯದ್ದೇ ಬೇಕಾ? ತಗೊಳ್ಳಿ. 2019ರ ಜುಲೈನಲ್ಲಿ ಜಿನೀವಾ, ವಿಯೆನ್ನಾ ಕಚೇರಿಗಳ ಸರ್ವರ್‌ಗಳಿಗೆ ನುಗ್ಗಿದ್ದರು. 40ಕ್ಕೂ ಹೆಚ್ಚು ಸರ್ವರ್. ಮಾನವ ಹಕ್ಕುಗಳ ಕಚೇರಿಯದ್ದೂ ಅದರಲ್ಲಿ ಸೇರಿತ್ತು. ಒಳಗೆ ಬಂದಿದ್ದು ಶೇರ್‌ಪಾಯಿಂಟ್ ಅನ್ನುವ ಕಡತ ಹಂಚುವ ಸಾಫ್ಟ್‌ವೇರಿನ ಒಂದು ತೂತಿನಿಂದ, ಆ ತೂತಿಗೆ ಮೈಕ್ರೋಸಾಫ್ಟ್ ಅದೇ ಫೆಬ್ರವರಿಯಲ್ಲೇ ಪ್ಯಾಚ್ ಕೊಟ್ಟಿತ್ತು! ಹಾಕಿರಲಿಲ್ಲ. ಅಷ್ಟೇ ಕಥೆ. ಸಿಬ್ಬಂದಿಗೆ ಪಾಸ್‌ವರ್ಡ್ ಬದಲಾಯಿಸಿ ಅಂದರೇ ಹೊರತು ಯಾಕೆ ಅಂತ ಸರಿಯಾಗಿ ಹೇಳಲಿಲ್ಲ. 2020ರ ಜನವರಿಯಲ್ಲಿ ಪತ್ರಕರ್ತರು ಬರೆದ ಮೇಲೆ ಹೊರಗೆ ಬಂತು.

2021ರಲ್ಲಿ ಇನ್ನೊಂದು. ಸಿಬ್ಬಂದಿಯೊಬ್ಬರ ಯೂಸರ್‌ನೇಮ್, ಪಾಸ್‌ವರ್ಡ್ ಡಾರ್ಕ್ ವೆಬ್‌ನಲ್ಲಿ ಮಾರಾಟಕ್ಕಿತ್ತು, ಅದನ್ನು ಹಿಡಿದು ಉಮೋಜಾ ಖಾತೆಯ ಮೂಲಕ ಒಳಗೆ ಬಂದರು ಅಂತ ವರದಿಯಾಗಿತ್ತು. ಉಮೋಜಾ ಅಂದರೆ ಅವರ ಹಣಕಾಸು, ಖರೀದಿ, ಸಂಬಳ ಎಲ್ಲಾ ಇರುವ ಸಾಫ್ಟ್‌ವೇರ್. ಆ ಖಾತೆಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲವಂತೆ.

ಎರಡರಲ್ಲೂ ಯಾವ ಮಾಯಾಜಾಲವೂ ಇಲ್ಲ ನೋಡಿ. ಪ್ಯಾಚ್ ಮತ್ತು ಪಾಸ್‌ವರ್ಡ್.

ಅನುಮಾನಪ್ಪ
ಇದು ನನ್ನ ಮಾತಿಗೇ ಪುಷ್ಟಿ ಕೊಟ್ಟಂಗಾಯ್ತು. ಪ್ಯಾಚ್ ಹಾಕೋಕೂ ಬರದ ಕಡೆ ಇವರು ಹೋಗಿ ಏನು ಕಡಿದು ಕಟ್ಟೆ ಹಾಕ್ತಾರೆ?

ರೂಟ್_ರಾಣಿ
ಪ್ಯಾಚ್ ಹಾಕೋಕೆ ಜನ ಬೇಕು ಅಂತಲೇ ಅಲ್ವಾ ಇವರನ್ನು ಕರೆಯೋದು?

ನೀಲಿ_ಟೊಪ್ಪಿ
ಸೇನೆಯ ಸಿಗ್ನಲ್ಸ್‌ನಲ್ಲಿದ್ದು, ತುಕಡಿಯ ಜೊತೆ ಮಿಷನ್‌ಗೆ ಹೋಗಿ ಬಂದವನು ನಾನು. ಡಿಷ್ ಸರ್ ಹೇಳಿದ್ದು ವಿಶ್ವಸಂಸ್ಥೆಯ ಸ್ವಂತ ನೆಟ್‌ವರ್ಕ್ ಬಗ್ಗೆ. ಅದು ಅರ್ಧ ಚಿತ್ರ ಮಾತ್ರ.

ಮಿಷನ್‌ನಲ್ಲಿ ಎರಡು ಥರದ ಸಾಮಾನು ಇರುತ್ತದೆ. ಒಂದು ವಿಶ್ವಸಂಸ್ಥೆಯದ್ದು. ಇನ್ನೊಂದು ಸೈನಿಕರನ್ನು ಕಳಿಸಿದ ದೇಶ ತಂದಿದ್ದು. ನಮ್ಮ ಲ್ಯಾಪ್‌ಟಾಪ್, ನಮ್ಮ ರೇಡಿಯೋ, ನಮ್ಮ ದೇಶಕ್ಕೆ ನೇರವಾಗಿ ಮಾತಾಡುವ ನಮ್ಮದೇ ರಿಯರ್ ಲಿಂಕ್. ಅದಕ್ಕೆ ಕೈ ಹಾಕೋಕೆ ಮಿಷನ್‌ನ ಐಟಿಯವರಿಗೆ ಅಧಿಕಾರವೇ ಇಲ್ಲ. ದೇಶ ಮತ್ತು ವಿಶ್ವಸಂಸ್ಥೆ ನಡುವೆ ಒಂದು ಒಪ್ಪಂದ ಇರುತ್ತದೆ, ಏನೇನು ತರಬೇಕು, ಅದು ಎಷ್ಟರಮಟ್ಟಿಗೆ ಕೆಲಸ ಮಾಡಬೇಕು ಅಂತ. ತಪಾಸಣೆಗೆ ಬಂದವರು ಟ್ರಕ್ ಸ್ಟಾರ್ಟ್ ಆಗುತ್ತಾ, ಜನರೇಟರ್ ಓಡುತ್ತಾ ನೋಡ್ತಾರೆ. ಲ್ಯಾಪ್‌ಟಾಪಿನಲ್ಲಿ ವೈರಸ್ ಇದೆಯಾ ಅಂತ ಯಾರೂ ನೋಡಲ್ಲ.

ಈಗ ಹತ್ತಾರು ದೇಶಗಳ ತುಕಡಿಗಳನ್ನು ಒಂದೇ ಸೆಕ್ಟರಿನಲ್ಲಿ ಊಹಿಸಿಕೊಳ್ಳಿ. ಒಬ್ಬೊಬ್ಬರದು ಒಂದೊಂದು ನಿಯಮ. ಕೆಲವು ದೇಶಗಳು ಒಂದಕ್ಕೊಂದು ಮುಖ ನೋಡದಂಥವು. ದಿನದ ಪರಿಸ್ಥಿತಿ ವರದಿ ಒಂದು ಲ್ಯಾಪ್‌ಟಾಪಿನಿಂದ ಇನ್ನೊಂದಕ್ಕೆ ಹೋಗೋದು ಪೆನ್ ಡ್ರೈವಿನಲ್ಲಿ. ಅದೇ ಪೆನ್ ಡ್ರೈವಿನಲ್ಲಿ ಸಿನಿಮಾ. ಅದೇ ಪೆನ್ ಡ್ರೈವ್ ಪಕ್ಕದ ಪೇಟೆಯ ಫೋಟೋ ಅಂಗಡಿಗೂ ಹೋಗಿ ಬಂದಿರುತ್ತದೆ. ಆರು ತಿಂಗಳಿಗೋ ವರ್ಷಕ್ಕೋ ತುಕಡಿ ಬದಲು. ಹಳಬರಿಗೆ ಕಲಿಸಿದ್ದೆಲ್ಲಾ ವಿಮಾನ ಹತ್ತಿ ಹೋಯ್ತು, ಹೊಸಬರಿಗೆ ಮತ್ತೆ ಅಆಇಈಯಿಂದ.

ಫಕೀರರೇ, ನಿಮ್ಮ ಮುಖ್ಯ ಕೆಲಸ ಏನು ಅಂದರೆ, ನಿಮ್ಮ ಮಾತು ಕೇಳಬೇಕಾದ ಅಗತ್ಯವೇ ಇಲ್ಲದ ಒಬ್ಬ ಕರ್ನಲ್ ಹತ್ತಿರ ಹೋಗಿ, ಚಹಾ ಕುಡಿದು, ಅವರು ಮಾತು ಕೇಳುವ ಹಾಗೆ ಮಾಡೋದು. ಯಾವ ಸರ್ಟಿಫಿಕೇಟಿನಲ್ಲೂ ಇದನ್ನು ಹೇಳಿಕೊಡಲ್ಲ.

ಡಿಷ್_ದೊರೆ
ನೂರಕ್ಕೆ ನೂರು ನಿಜ ಸರ್. ಅದಕ್ಕೇ ನಾವು ತುಕಡಿಗಳ ಯಂತ್ರಗಳನ್ನು ಒಳಗಿನ ನೆಟ್‌ವರ್ಕಿಗೆ ಬಿಡುತ್ತಿರಲಿಲ್ಲ. ಸ್ಟಾಫ್ ಆಫೀಸರ್‌ಗಳಿಗೆ ನಮ್ಮದೇ ಕಂಪ್ಯೂಟರ್ ಕೊಟ್ಟು, ಉಳಿದವರಿಗೆ ಮನರಂಜನೆಗೆ ಅಂತ ಬೇರೆ ಇಂಟರ್‌ನೆಟ್ ಲೈನ್. ಮನೆಯವರ ಜೊತೆ ವಿಡಿಯೋದಲ್ಲಿ ಮಾತಾಡೋಕೆ ಸರಿಯಾದ ಲೈನ್ ಇಲ್ಲದಿದ್ದರೆ ಹುಡುಗರು ಆಫೀಸಿನ ಸ್ವಿಚ್ಚಿಗೇ ವೈಫೈ ರೂಟರ್ ತಂದು ಸಿಕ್ಕಿಸ್ತಾರೆ. ಎಷ್ಟು ಸಲ ಕಿತ್ತು ಹಾಕಿದ್ದೀನೋ. ಕೊನೆಗೆ ವೆಲ್ಫೇರ್ ಲೈನಿನ ವೇಗ ಜಾಸ್ತಿ ಮಾಡಿಸಿದೆವು, ಆಮೇಲೆ ಆ ಕಾಟ ನಿಂತಿತು.

ಪೋರ್ಟ್22
ಬಳಸದ ಪೋರ್ಟ್ ಶಟ್‌ಡೌನ್ ಮಾಡಿ, 802.1ಎಕ್ಸ್ (ಗುರುತು ಸಾಬೀತಾದ ಯಂತ್ರಕ್ಕೆ ಮಾತ್ರ ನೆಟ್‌ವರ್ಕ್ ಕೊಡುವ ವ್ಯವಸ್ಥೆ) ಹಾಕಿದರೆ ಆಯ್ತಲ್ಲ?

ಡಿಷ್_ದೊರೆ
ಹಾಕಿ ತಮ್ಮಾ. ದೃಢೀಕರಣದ ಸರ್ವರ್ ಉಪಗ್ರಹದ ಆ ಕಡೆ ಇದ್ದು, ಮರಳುಗಾಳಿಗೆ ಡಿಷ್ ಅಲುಗಿ ಲಿಂಕ್ ಬಿದ್ದಾಗ ಸೆಕ್ಟರ್ ಕಮಾಂಡರ್ ಕಂಪ್ಯೂಟರೂ ಹೊರಗೆ. ಆಗ ಅವರ ಫೋನಿಗೆ ನೀನೇ ಉತ್ತರ ಕೊಡು. ಲೋಕಲ್ ಸರ್ವರ್ ಇಟ್ಟು ಮಾಡಬಹುದು, ನಾವೂ ಮಾಡಿದೆವು. ಆದರೆ ಲಿಂಕ್ ಬಿದ್ದಾಗ ಬಾಗಿಲು ತೆರೆದಿರಬೇಕಾ ಮುಚ್ಚಿರಬೇಕಾ ಅನ್ನೋದನ್ನು ಪ್ರತಿಯೊಂದು ಜಾಗಕ್ಕೂ ಕೂತು ಯೋಚಿಸಬೇಕು. ವೇರ್‌ಹೌಸಿಗೆ ಮುಚ್ಚಿರಲಿ. ಆಪರೇಷನ್ಸ್ ರೂಮಿಗೆ?

ಸಾಕ್ಷಿ_ಕಡತ
ವಾಟ್ಸಾಪ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ನಮ್ಮಲ್ಲಿ ಅರ್ಧ ಕೆಲಸ ನಡೆಯುತ್ತಿದ್ದದ್ದೇ ಅದರಲ್ಲಿ. ಹಳ್ಳಿಯಲ್ಲಿ ಗುಂಡಿನ ಸದ್ದು ಕೇಳಿದ ಮೇಷ್ಟ್ರು ನನಗೆ ಗೂಢಲಿಪಿಯ ಇಮೇಲ್ ಕಳಿಸುತ್ತಾರಾ? ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಸೆಕ್ಯುರಿಟಿಯವರು ಬಂದು "ಇದು ನಿಷೇಧ" ಅಂತ ಒಂದು ಸುತ್ತೋಲೆ ಅಂಟಿಸಿ ಹೋಗ್ತಿದ್ದರು. ಮತ್ತೇನು ಬಳಸಬೇಕು ಅಂತ ಹೇಳ್ತಿರಲಿಲ್ಲ.

ಪೋರ್ಟ್22
ಮೇಡಂ, ಅದರಲ್ಲಿ ಸಂದೇಶ ಕೊನೆಯಿಂದ ಕೊನೆಗೆ ಗೂಢಲಿಪಿಯಲ್ಲೇ ಹೋಗುತ್ತದೆ. ಅಷ್ಟು ಭಯ ಬೇಡ.

ಕಾನೂನು_ಕಣ್ಣು
ಸಂದೇಶದ ಒಳಗೆ ಏನಿದೆ ಅಂತ ಯಾಕೆ ಬೇಕು? ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಅನ್ನೋದೇ ಸಾಕು. ಮೇಷ್ಟ್ರ ಫೋನ್ ಚೆಕ್‌ಪೋಸ್ಟಿನಲ್ಲಿ ಕಿತ್ತುಕೊಂಡರೆ ಗೂಢಲಿಪಿ ಏನು ಮಾಡುತ್ತದೆ? ಅನ್‌ಲಾಕ್ ಮಾಡು ಅಂತ ಹಣೆಗೆ ಬಂದೂಕು ಇಡುತ್ತಾರೆ.

ಸಾಕ್ಷಿ_ಕಡತ
ಇದೇ ನಾನು ಹೇಳೋಕೆ ಹೊರಟಿದ್ದು. ತಾನಾಗಿ ಅಳಿಸಿ ಹೋಗುವ ಮೆಸೇಜ್ ಹೇಗೆ ಹಾಕೋದು, ಹೆಸರನ್ನು ಬೇರೆ ಥರ ಹೇಗೆ ಸೇವ್ ಮಾಡೋದು, ಹೊರಡುವ ಮುಂಚೆ ಏನು ಅಳಿಸಬೇಕು, ಇದನ್ನು ಅವರ ಭಾಷೆಯಲ್ಲಿ ಹತ್ತು ನಿಮಿಷ ಕೂತು ಹೇಳಿಕೊಟ್ಟ ಒಬ್ಬ ಐಟಿ ಹುಡುಗ ನಮ್ಮಲ್ಲಿ ಇದ್ದ. ಆ ಸುತ್ತೋಲೆಗಳಿಗಿಂತ ಅವನಿಂದ ಜಾಸ್ತಿ ಉಪಕಾರವಾಯ್ತು.

ಅನುಮಾನಪ್ಪ
ಸರಿ ಮೇಡಂ, ಈ ಮಾತಿಗೆ ನಾನು ಸುಮ್ಮನಾದೆ. ಆದರೆ ಇದು ನೆಟ್‌ವರ್ಕ್ ಸೆಕ್ಯುರಿಟಿ ಅಲ್ಲ, ಬೇರೆ ಏನೋ.

ರೂಟ್_ರಾಣಿ
ಅಲ್ಲಿ ಆ ಗೋಡೆ ಇರಲ್ಲ ಸರ್. ನೀವು ಸೆಕ್ಯುರಿಟಿ ಅಂತ ಹೋದರೂ ಪ್ರಿಂಟರ್ ಸರಿ ಮಾಡ್ತೀರಿ, ಟವರ್ ಹತ್ತುತ್ತೀರಿ, ರೇಡಿಯೋಗೆ ಚಾನೆಲ್ ಪ್ರೋಗ್ರಾಂ ಮಾಡ್ತೀರಿ.

ಕಾನೂನು_ಕಣ್ಣು
ಫಕೀರರು "ಯಾರ ವಿರುದ್ಧ ಕಾವಲು" ಅಂತ ಕೇಳಿದ್ದರು, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಬ್ಯಾಂಕಿನಲ್ಲಿ ಕಳ್ಳ ಬಂದರೆ ಪೊಲೀಸರಿಗೆ ದೂರು ಕೊಡ್ತೀರಿ. ಅಲ್ಲಿ ಪೊಲೀಸರೇ, ಅಂದರೆ ಆತಿಥೇಯ ಸರ್ಕಾರವೇ, ನಿಮ್ಮ ಇಮೇಲ್ ಓದೋಕೆ ಆಸೆಪಡುವವರ ಪಟ್ಟಿಯಲ್ಲಿ ಇರಬಹುದು. ನಿಮ್ಮ ಮೊಬೈಲ್ ಸಿಮ್ ಅವರ ದೇಶದ್ದು. ಫೈಬರ್ ಅವರದ್ದು. ರೇಡಿಯೋ ತರಂಗಾಂತರದ ಪರವಾನಗಿ ಅವರದ್ದು. ಆದರೂ ಅವರ ಜೊತೆಗೇ ದಿನಾ ಕೂತು ಕೆಲಸ ಮಾಡಬೇಕು, ಯಾಕೆಂದರೆ ಮಿಷನ್ ಅಲ್ಲಿ ಇರೋದು ಅವರ ಒಪ್ಪಿಗೆಯಿಂದ.

ಕಾನೂನಿನ ರಕ್ಷಣೆ ಇದೆ, ಇಲ್ಲ ಅಂತಲ್ಲ. 1946ರ ವಿಶೇಷಾಧಿಕಾರ ಮತ್ತು ವಿನಾಯಿತಿ ಒಪ್ಪಂದದ ಪ್ರಕಾರ ವಿಶ್ವಸಂಸ್ಥೆಯ ಕಟ್ಟಡ, ಕಡತ ಯಾವುದನ್ನೂ ಯಾರೂ ಮುಟ್ಟುವ ಹಾಗಿಲ್ಲ. ಅದರ ಸಂಪರ್ಕವನ್ನು ಸೆನ್ಸಾರ್ ಮಾಡುವ ಹಾಗಿಲ್ಲ. 10ನೇ ಸೆಕ್ಷನ್ ಗೂಢಲಿಪಿ ಬಳಸುವ ಹಕ್ಕನ್ನೂ ಕೊಡುತ್ತದೆ. ಮಿಷನ್‌ನಿಂದ ನ್ಯೂಯಾರ್ಕಿಗೆ ಹೋಗುವ ಗುಟ್ಟಿನ ಸಂದೇಶಕ್ಕೆ ಇವತ್ತಿಗೂ ಕೋಡ್ ಕೇಬಲ್ ಅಂತಲೇ ಕರೀತಾರೆ. ಆದರೆ ಕಾಗದದ ಮೇಲಿನ ಹಕ್ಕು ಪ್ಯಾಕೆಟ್ ಕದಿಯುವವರನ್ನು ತಡೆಯಲ್ಲ. ಸಿಕ್ಕಿಬಿದ್ದರೂ ಯಾವ ದೇಶ ಅಂತ ಬಾಯಿಬಿಟ್ಟು ಹೇಳೋಕೆ ಆಗಲ್ಲ, ಆ ದೇಶ ಭದ್ರತಾ ಮಂಡಳಿಯಲ್ಲೇ ಕೂತಿರಬಹುದು.

ಫೈರ್‌ವಾಲ್_ಫಕೀರ
ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಉಪಗ್ರಹದ ಲಿಂಕನ್ನೇ ಯಾರಾದರೂ ಒಡೆದರೆ? ಅದಕ್ಕೆ ಏನು ಮಾಡ್ತೀರಿ?

ಹಳೇ_ರೇಡಿಯೋ
ಎಚ್‌ಎಫ್ ರೇಡಿಯೋ, ಅಂದರೆ ಉಪಗ್ರಹ ಇಲ್ಲದೆಯೇ ದೂರಕ್ಕೆ ಮಾತಾಡುವ ರೇಡಿಯೋ, ತಗೊಂಡು ಮಾತಾಡ್ತೀವಿ! ತಮಾಷೆ ಅಲ್ಲ. 2022ರ ಫೆಬ್ರವರಿ 24ರಂದು ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಜಾಲದ ಮೇಲೆ ದಾಳಿಯಾಗಿ ಯುರೋಪಿನಲ್ಲಿ ಸಾವಿರಾರು ಮೋಡೆಮ್ ಸತ್ತು ಬಿದ್ದವು. ಉಪಗ್ರಹಕ್ಕೆ ಏನೂ ಆಗಿರಲಿಲ್ಲ. ನೆಲದ ಮೇಲಿನ ಮ್ಯಾನೇಜ್‌ಮೆಂಟ್ ಜಾಲಕ್ಕೆ ನುಗ್ಗಿ ಮೋಡೆಮ್‌ಗಳಿಗೆ ಕೆಟ್ಟ ಆದೇಶ ಕಳಿಸಿದ್ದರು. ಜರ್ಮನಿಯಲ್ಲಿ 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳೋಕೆ ಆಗದೆ ಕೂತರು. ಹಾಗಾಗಿ ಒಂದೇ ಕಂಪನಿಯ ಡಿಷ್ ನಂಬಿ ಕೂರಬಾರದು. ಎಚ್‌ಎಫ್ ನಿಧಾನ, ಕಿರಿಕಿರಿ, ಆದರೆ ನಡುವೆ ಯಾರ ಸರ್ವರೂ ಇರಲ್ಲ.

ಈ ಗೂಢಲಿಪಿ ಮಾತು ಬಂತಲ್ಲ, ವಿಷಯ ಬಿಟ್ಟು ಒಂದು ಹೇಳ್ತೀನಿ, ಬೈಯಬೇಡಿ. 1961ರ ಸೆಪ್ಟೆಂಬರ್‌ನಲ್ಲಿ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಕಾಂಗೋ ಮಿಷನ್ ಕೆಲಸದ ಮೇಲೆ ಹೋಗುವಾಗ ಈಗಿನ ಜಾಂಬಿಯಾದ ಎನ್‌ಡೋಲಾ ಹತ್ತಿರ ವಿಮಾನ ಬಿದ್ದು ತೀರಿಕೊಂಡರಲ್ಲ, ಅವರು ಬಳಸುತ್ತಿದ್ದದ್ದು ಸಿಎಕ್ಸ್-52 ಅನ್ನುವ ಗೂಢಲಿಪಿ ಯಂತ್ರ. ಮಾಡಿದ್ದು ಸ್ವಿಟ್ಜರ್ಲೆಂಡಿನ ಕ್ರಿಪ್ಟೋ ಎಜಿ ಕಂಪನಿ. ಅದೇ ಕಂಪನಿಯನ್ನು 1970ರಲ್ಲಿ ಅಮೆರಿಕದ ಸಿಐಎ ಮತ್ತು ಜರ್ಮನಿಯ ಗುಪ್ತಚರ ಸಂಸ್ಥೆ ಗುಟ್ಟಾಗಿ ಕೊಂಡುಕೊಂಡಿದ್ದವು ಅಂತ 2020ರಲ್ಲಿ ಬಯಲಾಯ್ತು!

ಅನುಮಾನಪ್ಪ
1961 ಮೊದಲು ಬರುತ್ತೆ, 1970 ಆಮೇಲೆ ಬರುತ್ತೆ. ಹಾಗಿದ್ದ ಮೇಲೆ ಅವರ ಸಂದೇಶ ಓದಿದ್ದರು ಅಂತ ಹೇಗೆ?

ಹಳೇ_ರೇಡಿಯೋ
ಓದಿದ್ದರು ಅಂತ ನಾನು ಎಲ್ಲಿ ಹೇಳಿದೆ? ಆ ಕಂಪನಿಯವರಿಗೆ ಅಮೆರಿಕದವರ ಜೊತೆ ಹಳೇ ನಂಟು ಮೊದಲಿಂದಲೂ ಇತ್ತು, ಅದೂ ದಾಖಲಾಗಿದೆ. ನಾನು ಹೇಳೋದು ಇಷ್ಟೇ, ಪೆಟ್ಟಿಗೆ ಯಾರು ಮಾಡಿದರು ಅಂತ ಕೇಳುವ ಅಭ್ಯಾಸ ಇರಲಿ. ಮಿಷನ್‌ಗೆ ಬರುವ ಕ್ಯಾಮೆರಾ, ರೂಟರ್, ಡ್ರೋನ್ ಎಲ್ಲಾ ಯಾವುದೋ ಒಂದು ದೇಶದ್ದೇ. ಕಾಂಗೋದಲ್ಲಿ 2013ರ ಡಿಸೆಂಬರ್‌ನಲ್ಲಿ ಮೊದಲ ಸಲ ಶಾಂತಿಪಾಲನೆಗೆ ಡ್ರೋನ್ ಹಾರಿಸಿದಾಗಲೂ ಆ ಚಿತ್ರಗಳು ಯಾರ ಕೈಗೆ ಹೋಗುತ್ತವೆ ಅಂತ ಗಲಾಟೆ ಆಗಿತ್ತು.

ಪೋರ್ಟ್22
ಸಂಬಳ ಎಷ್ಟು ಅಂತ ಯಾರಾದರೂ ಹೇಳ್ತೀರಾ, ಇತಿಹಾಸ ಆಮೇಲೆ ಓದೋಣ.

ರೂಟ್_ರಾಣಿ
ದರ್ಜೆ, ಊರು ನೋಡಿಕೊಂಡು ಬದಲಾಗುತ್ತದೆ. ಮೂಲ ಸಂಬಳ, ಆ ಊರಿನ ಖರ್ಚಿಗೆ ತಕ್ಕ ಹೊಂದಾಣಿಕೆ, ಕಷ್ಟದ ಜಾಗಕ್ಕೆ ಭತ್ಯೆ, ಕುಟುಂಬ ಕರೆದುಕೊಂಡು ಹೋಗಲಾಗದ ಜಾಗಕ್ಕೆ ಇನ್ನೊಂದು ಭತ್ಯೆ. ತೀರಾ ಅಪಾಯದ ಕಡೆ ಡೇಂಜರ್ ಪೇ ಅಂತ ತಿಂಗಳಿಗೆ 1,600 ಡಾಲರ್ ಆಸುಪಾಸು. ಕೆಲವು ವಾರಕ್ಕೊಮ್ಮೆ ಆರ್ ಅಂಡ್ ಆರ್ (ವಿಶ್ರಾಂತಿ) ರಜೆ, ಜಾಗ ಎಷ್ಟು ಕಷ್ಟವೋ ಅಷ್ಟು ಬೇಗ ಬರುತ್ತದೆ. ನಾನು ವಿಶ್ವಸಂಸ್ಥೆ ಸ್ವಯಂಸೇವಕಿಯಾಗಿ ಹೋಗಿದ್ದೆ. ಅದರಲ್ಲಿ ದುಡ್ಡು ಕಡಿಮೆ, ಆದರೆ ಒಳಗೆ ಹೋಗೋಕೆ ಅದೂ ಒಂದು ಬಾಗಿಲು.

ಇನ್ನೊಂದು ಮಾತು. ಇದನ್ನು ಓದಿ ಆಸೆಪಟ್ಟು ಯಾರಾದರೂ ಗೂಗಲ್ ಮಾಡಿದರೆ ನೂರು ಮೋಸದ ಜಾಹೀರಾತು ಬರುತ್ತವೆ. ಅರ್ಜಿಗಾಗಲಿ, ಇಂಟರ್‌ವ್ಯೂಗಾಗಲಿ, ತರಬೇತಿಗಾಗಲಿ ವಿಶ್ವಸಂಸ್ಥೆ ಯಾವ ಹಂತದಲ್ಲೂ ಹಣ ಕೇಳಲ್ಲ. ಕೇಳಿದರೆ ಕಳ್ಳರೇ.

ನೀಲಿ_ಟೊಪ್ಪಿ
ರಾಣಿ ಮೇಡಂ, ಅಲ್ಲಿನ ಸ್ಥಳೀಯ ಸಿಬ್ಬಂದಿ ಬಗ್ಗೆಯೂ ಹೇಳಿ. ಎಲ್ಲರೂ ಅವರನ್ನು ಮರೀತಾರೆ.

ರೂಟ್_ರಾಣಿ
ಹೇಳಲೇಬೇಕು. ನೆಟ್‌ವರ್ಕ್ ನಿಜವಾಗಿ ಗೊತ್ತಿರೋದು ಅವರಿಗೆ. ಯಾವ ಕೇಬಲ್ ಎಲ್ಲಿ ಹೂತಿದೆ, ಯಾವ ಸ್ವಿಚ್ ಮಳೆಗಾಲದಲ್ಲಿ ಸಾಯುತ್ತದೆ, ಎಲ್ಲಾ ಬಾಯಿಪಾಠ. ನಾವು ಬರ್ತೀವಿ, ಹೋಗ್ತೀವಿ. ಪರಿಸ್ಥಿತಿ ಕೆಟ್ಟಾಗ ವಿದೇಶಿ ಸಿಬ್ಬಂದಿಯನ್ನು ಮೊದಲು ವಿಮಾನದಲ್ಲಿ ಕಳಿಸ್ತಾರೆ, ಊರಿನವರು ಊರಲ್ಲೇ ಉಳೀತಾರೆ. ಅವರ ಮನೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಈಗ ಯೋಚನೆ ಮಾಡಿ, ಒಬ್ಬ ಸ್ಥಳೀಯ ಎಂಜಿನಿಯರ್ ಕೈಯಲ್ಲಿ ಇಡೀ ಮಿಷನ್‌ನ ಅಡ್ಮಿನ್ ಪಾಸ್‌ವರ್ಡ್ ಇದೆ. ಬಂದೂಕು ಹಿಡಿದವರು ಅವನ ಮನೆಗೆ ಬಂದರೆ?

ಕೆಲವು ಬಾಸ್‌ಗಳು ಇದಕ್ಕೆ ಉತ್ತರವಾಗಿ "ಸ್ಥಳೀಯರಿಗೆ ಅಡ್ಮಿನ್ ಹಕ್ಕು ಕೊಡಬೇಡಿ" ಅಂತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅವರನ್ನು ಕಳ್ಳರ ಥರ ನೋಡೋದು ತಪ್ಪು. ಆದರೆ ಒಬ್ಬನ ಕೈಯಲ್ಲೇ ಎಲ್ಲಾ ಇಡೋದೂ ಅವನಿಗೇ ಅಪಾಯ. ದೊಡ್ಡ ಬದಲಾವಣೆಗೆ ಇಬ್ಬರು ಒಪ್ಪಬೇಕು, ಒಬ್ಬರು ಬೇರೆ ದೇಶದಲ್ಲಿ ಕೂತಿರಬೇಕು, ಒಂದು ಫೋನ್ ಮಾಡಿದರೆ ಹಕ್ಕು ತಕ್ಷಣ ರದ್ದಾಗಬೇಕು. "ನನ್ನ ಹತ್ತಿರ ಕೀಲಿ ಇಲ್ಲ" ಅಂತ ಅವನು ಹೇಳಿದರೆ ಅದು ನಿಜವಾಗಿರಬೇಕು, ಮತ್ತು ಅದು ಎಲ್ಲರಿಗೂ ಗೊತ್ತಿರಬೇಕು. ಬ್ಯಾಂಕಿನಲ್ಲಿ ಹೀಗೆ ಹಕ್ಕು ಹಂಚೋದು ಆಡಿಟ್‌ಗೋಸ್ಕರ. ಅಲ್ಲಿ ಅವನ ಜೀವಕ್ಕೋಸ್ಕರ.

ಫೈರ್‌ವಾಲ್_ಫಕೀರ
ಈ ಕೋನ ನನಗೆ ಹೊಳೆದೇ ಇರಲಿಲ್ಲ ಮೇಡಂ. ನಮ್ಮಲ್ಲಿ ಇದನ್ನು ಚೆಕ್‌ಲಿಸ್ಟಿನ ಒಂದು ಸಾಲು ಅಂತ ಟಿಕ್ ಹಾಕ್ತೀವಿ.

ಅನುಮಾನಪ್ಪ
ಎಲ್ಲಾ ಆಯ್ತು, ಕೆಲಸ ಉಳಿಯುತ್ತಾ ಅಂತ ಕೇಳಿದಿರಾ? ಪತ್ರಿಕೆ ಓದ್ತೀರಲ್ಲ. ದುಡ್ಡಿಲ್ಲ ಅಂತ 2025ರ ಅಕ್ಟೋಬರ್‌ನಲ್ಲಿ ಶಾಂತಿಪಾಲಕರಲ್ಲಿ ಸುಮಾರು ಶೇ. 25 ಕಡಿತ ಅಂದರು. ಲೆಬನಾನ್ ಮಿಷನ್ 2026ರ ಡಿಸೆಂಬರ್ 31ಕ್ಕೆ ಮುಗಿಸೋದು ಅಂತ ತೀರ್ಮಾನ ಆಗಿದೆ. 1978ರಿಂದ ಇದ್ದದ್ದು. ನಾಳೆ ನಿಮ್ಮ ಮಿಷನ್ನೂ ಬಾಗಿಲು ಹಾಕಿದರೆ ಬ್ಯಾಂಕಿನವರು ವಾಪಸ್ ತಗೋತಾರಾ?

ಡಿಷ್_ದೊರೆ
ಇದನ್ನು ಮಾತ್ರ ಅನುಮಾನಪ್ಪ ಸರಿಯಾಗಿ ಹೇಳಿದರು. ಲೆಬನಾನ್‌ದು ಇಸವಿ ತಪ್ಪಿಲ್ಲ, ಅಲ್ಲಿಯವರೆಗೆ ಕೆಲಸ, ಆಮೇಲೆ ಒಂದು ವರ್ಷದಲ್ಲಿ ಗಂಟುಮೂಟೆ ಕಟ್ಟಬೇಕು ಅಂತ ಭದ್ರತಾ ಮಂಡಳಿಯ ನಿರ್ಣಯ. ಪೋಸ್ಟ್ ಹೋಗುವ ಭಯ ಎಲ್ಲರಿಗೂ ಇದೆ. ಸದಸ್ಯ ದೇಶಗಳು ಬಾಕಿ ಕಟ್ಟಲ್ಲ, ಕತ್ತರಿ ಮೊದಲು ಬೀಳೋದು ಉಪಕರಣ, ತರಬೇತಿ, ಖಾಲಿ ಹುದ್ದೆಗಳ ಮೇಲೆ.

ಆದರೆ ಮಿಷನ್ ಮುಚ್ಚುವಾಗಲೇ ಸೆಕ್ಯುರಿಟಿಯವರಿಗೆ ಜಾಸ್ತಿ ಕೆಲಸ ಅನ್ನೋದನ್ನೂ ಗಮನಿಸಿ. ಮಾಲಿ ನೋಡಿ. 2023ರ ಜೂನ್ 30ಕ್ಕೆ ಭದ್ರತಾ ಮಂಡಳಿ ಮುಗಿಸಿ ಅಂದಿತು, ಡಿಸೆಂಬರ್ 31ರೊಳಗೆ ಎಲ್ಲಾ ಖಾಲಿ ಮಾಡಬೇಕು. ಹತ್ತು ವರ್ಷದ ಮಿಷನ್, ಆರು ತಿಂಗಳು ಸಮಯ. ಉತ್ತರದ ಕಿಡಾಲ್ ಬೇಸನ್ನು ಅಂದುಕೊಂಡಿದ್ದಕ್ಕಿಂತ ಮೊದಲೇ, ಅಕ್ಟೋಬರ್ 31ಕ್ಕೇ ಬಿಟ್ಟು ಹೊರಟರು. ಸಾಮಾನು ತರೋಕೆ ಗಾವೋ ಊರಿನಿಂದ ಲಾರಿ ಹೋಗೋಕೆ ಅನುಮತಿ ಸಿಗದೆ, ವಾಹನ, ಜನರೇಟರ್ ಅಂಥವನ್ನೆಲ್ಲಾ ಅಲ್ಲೇ ನಾಶ ಮಾಡಿದರು. ಅಂಥ ಹೊತ್ತಲ್ಲಿ ಸರ್ವರ್ ಡಿಸ್ಕಿನಲ್ಲಿ ಏನಿದೆ, ಯಾವುದರ ಪ್ರತಿ ಹೊರಗೆ ಹೋಗಿದೆ, ಯಾವುದನ್ನು ಸುತ್ತಿಗೆಯಿಂದ ಒಡೀಬೇಕು ಅಂತ ಒಂದು ಪಟ್ಟಿ ಮೊದಲೇ ಕೈಯಲ್ಲಿ ಇರಬೇಕು. ಹೊರಡುವ ದಿನ ಕೂತು ಬರೆಯೋಕೆ ಆಗಲ್ಲ. ಡಿಸ್ಕ್ ಮೊದಲಿಂದಲೂ ಗೂಢಲಿಪಿಯಲ್ಲಿದ್ದರೆ ಕೀಲಿ ಅಳಿಸಿದರೆ ಮುಗೀತು, ಇಲ್ಲದಿದ್ದರೆ ಒಂದೊಂದನ್ನೇ ಒಡೀತಾ ಕೂರಬೇಕು.

ಪೋರ್ಟ್22
ಸುತ್ತಿಗೆ ಕೆಲಸ ಇದೆ ಅಂದರೆ ನಾನೂ ಅರ್ಜಿ ಹಾಕ್ತೀನಿ.

ಸಾಕ್ಷಿ_ಕಡತ
ಒಡೆಯೋದು ಸುಲಭ. ಯಾವುದನ್ನು ಉಳಿಸಬೇಕು ಅನ್ನೋದೇ ಕಷ್ಟ. ಹತ್ತು ವರ್ಷ ಆದ ಮೇಲೆ ಯಾವುದೋ ನ್ಯಾಯಾಲಯ ಆ ಹೇಳಿಕೆಗಳನ್ನು ಕೇಳಬಹುದು. ಫಕೀರರೇ, ನೀವು ಹೋದರೆ ಮೊದಲ ತಿಂಗಳಲ್ಲೇ ಮಾನವ ಹಕ್ಕು ವಿಭಾಗದವರ ಜೊತೆ ಕೂತು ಅವರ ಕಡತ ಎಲ್ಲಿ ಇಟ್ಟಿದ್ದಾರೆ ಅಂತ ಕೇಳಿ. ಯಾರದೋ ಟೇಬಲ್ ಡ್ರಾಯರಿನ ಹಾರ್ಡ್ ಡಿಸ್ಕಿನಲ್ಲಿ ಅಂತ ಉತ್ತರ ಬಂದರೆ ಆಶ್ಚರ್ಯ ಪಡಬೇಡಿ.

ಫೈರ್‌ವಾಲ್_ಫಕೀರ
ಹೋಗೋದು ಅಂತ ಮುಕ್ಕಾಲು ಭಾಗ ತೀರ್ಮಾನ ಮಾಡಿದ್ದೀನಿ. ಮನೆಯಲ್ಲಿ ಇನ್ನೂ ಮಾತುಕತೆ ನಡೀತಿದೆ. ತುಕ್ಕು ಹಿಡಿಯುವ ಪ್ರಶ್ನೆಗೆ ಮಾತ್ರ ಒಂದು ಉತ್ತರ ಬೇಕು. ಈಗಿಂದ ಏನು ಓದಲಿ?

ಡಿಷ್_ದೊರೆ
ಹೊಸ ಹೊಸ ಸಾಧನಗಳ ವಿಷಯದಲ್ಲಿ ಖಂಡಿತ ಹಿಂದೆ ಬೀಳ್ತೀರಿ, ಸುಳ್ಳು ಹೇಳಲ್ಲ. ಪ್ರೋಟೋಕಾಲ್, ರೂಟಿಂಗ್, ಲಿನಕ್ಸ್, ಇವುಗಳಲ್ಲಿ ಈಗಿನದಕ್ಕಿಂತ ಗಟ್ಟಿಯಾಗ್ತೀರಿ, ಯಾಕೆಂದರೆ ಸಹಾಯಕ್ಕೆ ಯಾವ ಕಂಪನಿಯವರೂ ಬರಲ್ಲ. ಉಪಗ್ರಹದ ಲಿಂಕ್ ಮೇಲೆ ವಿಪಿಎನ್ ಹೇಗೆ ನಡೆದುಕೊಳ್ಳುತ್ತದೆ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ. ಲಿನಕ್ಸ್‌ನಲ್ಲಿ 600 ಮಿಲಿಸೆಕೆಂಡ್ ತಡ, ಸ್ವಲ್ಪ ಪ್ಯಾಕೆಟ್ ನಷ್ಟ ಹಾಕಿ ನೋಡಿ, ನಿಮ್ಮ ಅರ್ಧ ಸಾಧನಗಳು ಕೈ ಎತ್ತುತ್ತವೆ. ಉಗಾಂಡಾದ ಎಂಟೆಬೆಯಲ್ಲಿ ಸಿಗ್ನಲ್ಸ್ ತರಬೇತಿಗೆ ಅಂತಲೇ ವಿಶ್ವಸಂಸ್ಥೆಯ ಅಕಾಡೆಮಿ ಇದೆ, ಅವಕಾಶ ಸಿಕ್ಕರೆ ಬಿಡಬೇಡಿ.

ರೂಟ್_ರಾಣಿ
ಫ್ರೆಂಚ್ ಕಲಿಯಿರಿ. ಕಾಂಗೋ, ಮಧ್ಯ ಆಫ್ರಿಕಾ ಅಂತ ಹಾಕಿದರೆ ಮೋಸದ ಇಮೇಲ್‌ಗಳೂ ಫ್ರೆಂಚ್‌ನಲ್ಲೇ ಬರೋದು.

ನೀಲಿ_ಟೊಪ್ಪಿ
ಬೀಸೇಫ್ ಅನ್ನುವ ಸುರಕ್ಷತೆಯ ಆನ್‌ಲೈನ್ ಕೋರ್ಸ್ ಈಗಲೇ ಮುಗಿಸಿಕೊಳ್ಳಿ, ಹೇಗೂ ಕಡ್ಡಾಯ. ಅಲ್ಲಿ ಹೋದ ಮೇಲೆ ಎಸ್‌ಸೇಫ್ ಅಂತ ಕೆಲವು ದಿನ ತರಬೇತಿ ಇರುತ್ತದೆ. ರಕ್ತ ನಿಲ್ಲಿಸೋದು, ರೇಡಿಯೋದಲ್ಲಿ ಮಾತಾಡೋದು, ಚೆಕ್‌ಪೋಸ್ಟಿನಲ್ಲಿ ಹೇಗಿರಬೇಕು ಅನ್ನೋದೆಲ್ಲಾ. ಐಟಿಯವರು ಅದನ್ನು ನಿದ್ದೆ ಮಾಡ್ತಾ ಕೇಳ್ತಾರೆ. ನೀವು ಹಾಗೆ ಮಾಡಬೇಡಿ.

ಅನುಮಾನಪ್ಪ
ಚೆಕ್‌ಪೋಸ್ಟ್ ಅಂದ ತಕ್ಷಣ ನೆನಪಾಯ್ತು. ಆ ಲ್ಯಾಪ್‌ಟಾಪ್ ಕಿತ್ತುಕೊಂಡರೆ ಏನು ಮಾಡಬೇಕು? ಕೊಟ್ಟುಬಿಡೋದಾ, ಇಲ್ಲಾ ವಿನಾಯಿತಿ ಒಪ್ಪಂದದ 10ನೇ ಸೆಕ್ಷನ್ ಓದಿ ಹೇಳೋದಾ?

ನೀಲಿ_ಟೊಪ್ಪಿ
ಕೊಟ್ಟುಬಿಡಿ ಸರ್. ಆಮೇಲೆ ಆದಷ್ಟು ಬೇಗ ರೇಡಿಯೋದಲ್ಲಿ ಹೇಳಿ, ಖಾತೆ ಮುಚ್ಚಿಸಿ. ಡಿಸ್ಕ್ ಗೂಢಲಿಪಿಯಲ್ಲಿದೆಯಾ ಅಂತ ಹೊರಡೋಕೆ ಮುಂಚೆಯೇ ನೋಡಿಕೊಂಡಿರಬೇಕು.